ಎರಡು ವರ್ಷದ ಕ್ಷೌರದ ಕತ್ತಿ: ಪಟ್ಟಿಗೆ ಐದು ಸ್ಟಾರ್, ಡಬ್ಬಿಗೆ ಸೊನ್ನೆ

ಕೊಂಡದ್ದು ಹಿಡಿಯೊಳಗೆ ಮಡಚುವ ಹಳೇ ಕಾಲದ ಕ್ಷೌರದ ಕತ್ತಿ, ಮನಸ್ಸು ಹತ್ತಿದ್ದು ಅದನ್ನು ಉಜ್ಜುವ ಚರ್ಮದ ಪಟ್ಟಿಗೆ. ಮಧ್ಯೆ ಒಂದು ಸ್ಟೀಲ್ ಡಬ್ಬಿ ಬಂದು ಎಲ್ಲ ಹಾಳು ಮಾಡಿತು. ಆ ಡಬ್ಬಿಯ ಸಿಟ್ಟಿನಿಂದಲೇ ಇದನ್ನು ಬರೆಯಲು ಕೂತಿದ್ದೇನೆ, ಆದರೆ ಅದರ ಕತೆ ಬರುವುದು ಸ್ವಲ್ಪ ತಡವಾಗಿ.

ನಾನಿರುವುದು ಕಾರವಾರದಲ್ಲಿ, ನೌಕರಿಗಾಗಿ. ಊರು ಶಿರಸಿ ಹತ್ತಿರ. ವಾರಕ್ಕೆ ನಾಲ್ಕು ದಿನ ಗಡ್ಡ ಬೋಳಿಸುತ್ತೇನೆ, ಕೂದಲು ಒರಟು, ಕುತ್ತಿಗೆಯ ಬಲಗಡೆ ಸುಳಿ ಇದೆ. ಕತ್ತಿಯ ಅಳತೆ, ಅಲಗಿನ ಆಕಾರ, ತುದಿ ದುಂಡಗೋ ಚೂಪೋ ಎಂಬುದನ್ನೆಲ್ಲ ನೀವು ಈಗಾಗಲೇ ಹತ್ತು ಕಡೆ ನೋಡಿರುತ್ತೀರಿ. ನನ್ನದು 5/8 (ಅಲಗಿನ ಅಗಲ, ಅಂಗುಲದ ಲೆಕ್ಕದಲ್ಲಿ), ದುಂಡು ತುದಿ. ಹೊಸಬರಿಗೆ ದುಂಡು ತುದಿಯೇ ಸಾಕು, ಕಿವಿ ಉಳಿಯುತ್ತದೆ.

2023ರ ನವೆಂಬರ್‌ನಲ್ಲಿ ಮೊದಲ ಕತ್ತಿ ತರಿಸಿದೆ. ಆನ್‌ಲೈನ್‌ನಲ್ಲಿ, 700 ರೂಪಾಯಿಗೆ. 'ಬಂದ ದಿನವೇ ಬಳಸಬಹುದು' ಅಂತ ಬರೆದಿದ್ದರು, ಅಲಗಿನ ಮೇಲೆ 'ಜರ್ಮನ್ ಸ್ಟೀಲ್' ಅಂತಲೂ ಕೆತ್ತಿದ್ದರು. ಅದು ಗಡ್ಡ ಬೋಳಿಸಲಿಲ್ಲ, ಕಿತ್ತಿತು. ಕೆನ್ನೆಯ ಮೇಲೆ ಎರಡು ಸಲ ಎಳೆಯುವಷ್ಟರಲ್ಲಿ ಕಣ್ಣಲ್ಲಿ ನೀರು. ಊರಲ್ಲಿ ಅಡಿಕೆ ಸುಲಿಯುವ ಮೆಟ್ಟುಗತ್ತಿಯೇ ಇದಕ್ಕಿಂತ ವಾಸಿ, ಸುಳ್ಳಲ್ಲ. ಆಮೇಲೆ ತಿಳಿಯಿತು, 'ಜರ್ಮನ್ ಸ್ಟೀಲ್' ಅಂತ ಯಾರು ಬೇಕಾದರೂ ಕೆತ್ತಬಹುದು, ಆದರೆ 'ಸೋಲಿಂಗನ್' ಅಂತ ಕೆತ್ತಲು ಆಗುವುದಿಲ್ಲ. ಕತ್ತಿ, ಚಾಕುಗಳಿಗೆ ಹೆಸರಾದ ಜರ್ಮನಿಯ ಆ ಊರಿನ ಹೆಸರಿಗೆ 1938ರಿಂದಲೇ ಕಾನೂನಿನ ಕಾವಲಿದೆ, ನಮ್ಮ ಮೈಸೂರು ರೇಷ್ಮೆಯ ಹೆಸರಿಗೆ ಈಗ ಇರುವ ಹಾಗೆ. ಮಾರಿದವರು ಹಣ ವಾಪಸ್ ಕೊಡಲಿಲ್ಲ. ಆ ಕತ್ತಿಯಿಂದ ಈಗ ಪಾರ್ಸಲ್ ಬಿಚ್ಚುತ್ತೇನೆ.

ಎರಡನೆಯದು ಹಳೆಯದು. ಸೋಲಿಂಗನ್ ಮುದ್ರೆ ಇದ್ದದ್ದು, ಕಾರ್ಬನ್ ಉಕ್ಕು, ಆಮೆಚಿಪ್ಪಿನ ಬಣ್ಣದ ಹಿಡಿ. ಬೆಂಗಳೂರಿನಲ್ಲಿ ಹವ್ಯಾಸಕ್ಕೆ ಇವನ್ನು ಮಸೆದು ಕೊಡುವ ಒಬ್ಬರಿಂದ 3,800 ರೂಪಾಯಿಗೆ ಬಂತು. ಜೊತೆಗೆ ಪಟ್ಟಿ, 1,400. ಒಂದು ಕಡೆ ಕ್ಯಾನ್ವಾಸ್, ಇನ್ನೊಂದು ಕಡೆ ಎಮ್ಮೆ ಚರ್ಮ, ಎರಡಂಗುಲ ಅಗಲ. ಪಟ್ಟಿಗೆ ಅಷ್ಟು ದುಡ್ಡು ಯಾಕೆ ಅಂತ ಆಗ ಅನ್ನಿಸಿತ್ತು. ಹಳೇ ಬೆಲ್ಟು ಸಾಲದೇ? ಸಾಲುವುದಿಲ್ಲ. ಹೊಲಿಗೆಯ ಗೆರೆ, ಮಡಿಕೆಯ ಗುರುತು, ಹೊಳಪಿನ ಬಣ್ಣ ಎಲ್ಲ ಅಲಗಿನ ಬಾಯಿಗೆ ತಾಗುತ್ತವೆ.

ಇಲ್ಲಿ ಹಲವರು ತಪ್ಪು ತಿಳಿಯುವ ಒಂದು ವಿಷಯ ಇದೆ, ನಾನೂ ತಿಳಿದಿದ್ದೆ. ಪಟ್ಟಿ ಕತ್ತಿಯನ್ನು ಮಸೆಯುವುದಿಲ್ಲ. ಮಸೆಯುವುದು ಕಲ್ಲು, ಅದರ ನಂಬರ್ ಏರಿದಷ್ಟೂ ಕಲ್ಲು ನುಣುಪು: ಮೊದಲು 1000ದ್ದು, ಆಮೇಲೆ 4000, 8000, ಹುಚ್ಚು ಜಾಸ್ತಿ ಇದ್ದರೆ 12000. ಅದು ಕೆಲವು ತಿಂಗಳಿಗೊಮ್ಮೆ ಬರುವ ಕೆಲಸ. ಪಟ್ಟಿಯದು ಪ್ರತಿದಿನದ ಕೆಲಸ. ಗಡ್ಡ ಬೋಳಿಸಿದಾಗ ಅಲಗಿನ ಬಾಯಿ ಕಣ್ಣಿಗೆ ಕಾಣದಷ್ಟು ಅತ್ತಿತ್ತ ಬಾಗುತ್ತದೆ. ಪಟ್ಟಿಯ ಮೇಲೆ ಎಳೆದರೆ ಅದು ಮತ್ತೆ ನೆಟ್ಟಗಾಗುತ್ತದೆ, ಸ್ವಲ್ಪ ಹೊಳಪೂ ಬರುತ್ತದೆ, ಅಷ್ಟೇ. ಅದಕ್ಕೇ ಕತ್ತಿಯನ್ನು ಬೆನ್ನು ಮುಂದೆ ಮಾಡಿ ಎಳೆಯಬೇಕು, ಬಾಯಿ ಹಿಂದೆ ಬರಬೇಕು. ತಿರುಗಿಸುವಾಗಲೂ ಬೆನ್ನಿನ ಮೇಲೇ ಹೊರಳಿಸಬೇಕು. ಬಾಯಿಯ ಮೇಲೆ ಹೊರಳಿಸಿದರೆ ಪಟ್ಟಿ ಕುಯ್ದುಹೋಗುತ್ತದೆ.

ಓದಿ ಅರ್ಥವಾಗಿತ್ತು, ಕೈಗೆ ಅರ್ಥವಾಗಿರಲಿಲ್ಲ. ಮೂರನೇ ದಿನವೇ ಹೊಸ ಪಟ್ಟಿಯ ಮಧ್ಯದಲ್ಲಿ ಅರ್ಧಚಂದ್ರದ ಗಾಯ. 1,400 ರೂಪಾಯಿ! ಆ ಸಂಜೆ ಊಟ ಸೇರಲಿಲ್ಲ.

ಇಲ್ಲಿ ಮಾರ್ಕೆಟ್ ಕಡೆ ನಾನು ತಿಂಗಳಿಗೊಮ್ಮೆ ತಲೆಕೂದಲು ತೆಗೆಸುವ ಸಲೂನ್ ಇದೆ. ಯಜಮಾನರಿಗೆ ಎಪ್ಪತ್ತು ದಾಟಿದೆ. ಪಟ್ಟಿಯನ್ನು ಸುತ್ತಿ ಚೀಲದಲ್ಲಿ ಹಾಕಿಕೊಂಡು ಅವರ ಬಳಿ ಹೋದೆ. ಬಿಚ್ಚಿ ನೋಡಿ ನಕ್ಕರು. ಅವರೂ ಮೂವತ್ತು ವರ್ಷದ ಹಿಂದೆ ಇದನ್ನೇ ಬಳಸುತ್ತಿದ್ದರಂತೆ. ಏಡ್ಸ್ ಭಯ ಬಂದ ಮೇಲೆ ಗಿರಾಕಿಗಳೇ ಹೊಸ ಬ್ಲೇಡ್ ಕೇಳತೊಡಗಿದರು, ಅಂದಿನಿಂದ ಬ್ಲೇಡನ್ನು ಅರ್ಧ ಮುರಿದು ಸಿಕ್ಕಿಸುವ ಹಿಡಿಯೇ ಗತಿ. ನನ್ನ ಕೈಯಿಂದ ಕತ್ತಿ ತಗೊಂಡು ಕುರ್ಚಿಯ ಕೈಗೆ ಪಟ್ಟಿ ಸಿಕ್ಕಿಸಿ ನಾಲ್ಕು ಸಲ ಎಳೆದರು. ಆಮೇಲೆ ನನ್ನನ್ನು ಎಳೆಯಲು ಹೇಳಿ ನೋಡುತ್ತ ನಿಂತರು.

"ಸರ್, ನೀವು ಕತ್ತಿ ಎಬ್ಬಿಸ್ತಾ ಇದ್ದೀರಿ. ಅದನ್ನ ಮಲಗಿಸಿ."

ಅಷ್ಟೇ ಪಾಠ. ಬೆನ್ನು, ಬಾಯಿ ಎರಡೂ ಒಟ್ಟಿಗೆ ಚರ್ಮಕ್ಕೆ ತಾಗಬೇಕು. ಕೋನ ಎಷ್ಟು ಅಂತ ನಾವು ಅಳೆಯಬೇಕಾಗಿಲ್ಲ, ಬೆನ್ನಿನ ದಪ್ಪವೇ ಅದನ್ನು ನೋಡಿಕೊಳ್ಳುತ್ತದೆ. ಒತ್ತಬಾರದು, ಕತ್ತಿಯ ಭಾರ ಸಾಕು. ಪಟ್ಟಿಯನ್ನು ಸಡಿಲ ಬಿಟ್ಟರೆ ಅದು ಜೋಳಿಗೆಯ ಹಾಗೆ ಬಾಗಿ ಬಾಯಿಯನ್ನು ದುಂಡಗೆ ಮಾಡುತ್ತದೆ, ಬಿಗಿ ಹಿಡಿಯಬೇಕು. ಹೊರಳಿಸುವುದು ಮಣಿಕಟ್ಟಿನಿಂದಲ್ಲ, ಬೆರಳಿನಿಂದ. ಹೆಬ್ಬೆರಳು ತೋರುಬೆರಳಿನ ನಡುವೆ ಕತ್ತಿಯ ಕುತ್ತಿಗೆ ಹಿಡಿದು ಬೀಡಿ ಹೊಸೆದ ಹಾಗೆ ಹೊಸೆಯಬೇಕು. ಗಾಯದ ಅಂಚನ್ನು ಅಂಟು ಹಾಕಿ ಕೂರಿಸಿ, ನುಣ್ಣನೆಯ ಮರಳುಕಾಗದದಿಂದ ಉಜ್ಜಿ ಸಮ ಮಾಡಿಕೊಟ್ಟರು. ದುಡ್ಡು ತಗೊಳ್ಳಲಿಲ್ಲ. ಒಂದು ವಾರ ಬೆಣ್ಣೆ ಸವರುವ ಮೊಂಡು ಚಾಕುವಿನಲ್ಲಿ ಅಭ್ಯಾಸ ಮಾಡಿ ಅಂದರು. ಅಭ್ಯಾಸ ಮಾಡಿದೆ. ಹೆಂಡತಿ ನೋಡಿ ಏನೂ ಹೇಳಲಿಲ್ಲ, ಅದೇ ಜಾಸ್ತಿ ನೋವು.

ಈಗ ನನ್ನ ಬೆಳಗ್ಗೆ ಹೀಗಿದೆ. ಐದೂಮುಕ್ಕಾಲಿಗೆ ಎದ್ದು ಹಾಲು ಒಲೆಗಿಟ್ಟು ಬಾಲ್ಕನಿಗೆ ಬರುತ್ತೇನೆ. ಕಿಟಕಿಯ ಸರಳಿಗೆ ಪಟ್ಟಿಯ ಕೊಕ್ಕೆ ಸಿಕ್ಕಿಸುತ್ತೇನೆ. ಮೊದಲು ಅಂಗೈಯಿಂದ ಚರ್ಮವನ್ನು ಮೇಲಿಂದ ಕೆಳಗೆ ಹತ್ತು ಹದಿನೈದು ಸಲ ತಿಕ್ಕುವುದು, ಬಿಸಿಯಾಗುವವರೆಗೆ. ಅಂಗೈಯ ಎಣ್ಣೆಯೇ ಅದಕ್ಕೆ ಆಹಾರ. (ಜಾಣತನ ತೋರಿಸಲು ಹೋಗಿ ಒಂದು ಸಲ ತೆಂಗಿನೆಣ್ಣೆ ಹಚ್ಚಿದೆ. ಚರ್ಮ ಜಿಡ್ಡಾಗಿ ಕತ್ತಿ ಅದರ ಮೇಲೆ ಸುಮ್ನೆ ಜಾರತೊಡಗಿತು, ಹಿಡಿತವೇ ಇಲ್ಲ. ಸರಿಹೋಗಲು ಒಂದು ತಿಂಗಳು ಬೇಕಾಯಿತು.) ಆಮೇಲೆ ಕ್ಯಾನ್ವಾಸ್ ಮೇಲೆ ಮೂವತ್ತು. ಅದರ ಸದ್ದು ಒರಟು, ಗೋಣಿಚೀಲ ಎಳೆದ ಹಾಗೆ. ಆಮೇಲೆ ಚರ್ಮದ ಮೇಲೆ ಐವತ್ತು.

ಈ ಐವತ್ತರ ಬಗ್ಗೆ ಹೇಗೆ ಹೇಳಲಿ. ಹೋಗುವಾಗ ಒಂದು ಸದ್ದು, ಬರುವಾಗ ಒಂದು, ನಡುವೆ ಹೊರಳುವಾಗ ಚಿಕ್ಕ ಟಕ್. ಅಲಗು ತೆಳು, ಎರಡೂ ಬದಿ ಒಳಕ್ಕೆ ಗುಳಿಯಾಗಿ ಕೊರೆದದ್ದು, ಹಾಗಾಗಿ ಅದು ಸುಮ್ಮನೆ ಸರಿಯುವುದಿಲ್ಲ, ಗುನುಗುತ್ತದೆ. ಮೊದಲ ಹತ್ತಿಪ್ಪತ್ತರಲ್ಲಿ ಸದ್ದು ಚದುರಿರುತ್ತದೆ. ಮೂವತ್ತು ದಾಟಿದ ಮೇಲೆ ಒಂದೇ ಎಳೆಯಾಗುತ್ತದೆ, ಚರ್ಮ ಕತ್ತಿಯನ್ನು ಹಿಡಿದು ಹಿಡಿದು ಬಿಡುವುದು ಬೆರಳಿಗೆ ತಿಳಿಯುತ್ತದೆ. ಆ ಹೊತ್ತಿಗೆ ಬಂದರಿನ ಕಡೆಯಿಂದ ಬೋಟುಗಳ ಸದ್ದೂ ಕೇಳುತ್ತಿರುತ್ತದೆ. ನಾನು ಯೋಗ ಧ್ಯಾನ ಏನನ್ನೂ ನಾಲ್ಕು ದಿನಕ್ಕಿಂತ ಜಾಸ್ತಿ ಮಾಡಿದವನಲ್ಲ. ಇದನ್ನು ಮಾಡುತ್ತೇನೆ. ಗಡ್ಡ ಬೋಳಿಸದ ದಿನವೂ ಕೆಲವು ಸಲ ಪಟ್ಟಿ ತೆಗೆದು ನಿಂತಿದ್ದೇನೆ, ಮತ್ತು ಎರಡು ಸಲ ಹಾಲು ಉಕ್ಕಿಸಿದ್ದೇನೆ.

ಹೋದ ದೀಪಾವಳಿಗೆ ಇದನ್ನೆಲ್ಲ ಊರಿಗೆ ಒಯ್ದಿದ್ದೆ. ಬಚ್ಚಲಿನ ಬಾಗಿಲಿಗೆ ಪಟ್ಟಿ ತೂಗುಹಾಕಲು ಹೊರಟಾಗ ಅಮ್ಮ ನೋಡಿದಳು.

"ಯಂತಾ ಮಾಣಿ ಅದು, ಚರ್ಮನಾ? ಒಳಗೆ ತರಡ."

ಹಾಗಾಗಿ ಜಗುಲಿಯ ಕಂಬಕ್ಕೇ ಕಟ್ಟಿದೆ. ಮಂಗಳವಾರ ಬೇಡ, ಶುಕ್ರವಾರ ಬೇಡ, ಶನಿವಾರ ಬೇಡ, ಅಮಾವಾಸ್ಯೆ ಅಂತೂ ಕೇಳುವುದೇ ಬೇಡ. ನಗಬೇಡಿ, ಕತ್ತಿಗೂ ವಿಶ್ರಾಂತಿ ಬೇಕು ಅಂತ ಯುರೋಪಿನವರೂ ನಂಬಿದ್ದರು. ವಾರದ ಏಳು ದಿನಕ್ಕೆ ಏಳು ಕತ್ತಿ, ಬೆನ್ನಿನ ಮೇಲೆ ದಿನದ ಹೆಸರು, ಒಂದೇ ಪೆಟ್ಟಿಗೆಯಲ್ಲಿ ಜೋಡಿಸಿ ಮಾರುತ್ತಿದ್ದರು. ಅಮ್ಮನ ಲೆಕ್ಕದಲ್ಲಿ ನಾಲ್ಕು ಸಾಕು.

ಬೋಳಿಸುವ ವಿಷಯ ಬೇಗ ಮುಗಿಸುತ್ತೇನೆ. ಬಿಸಿನೀರಿನ ಟವೆಲ್, ದಪ್ಪ ನೊರೆ, ಇನ್ನೊಂದು ಕೈಯಿಂದ ಚರ್ಮ ಎಳೆದು ಹಿಡಿಯುವುದು, ಕತ್ತಿ ಸುಮಾರು 30 ಡಿಗ್ರಿ, ಮೊದಲ ಸಲ ಕೂದಲು ಇಳಿಯುವ ದಿಕ್ಕಿಗೇ. ಮೊದಲ ವಾರ ಕೆನ್ನೆ ಮಾತ್ರ, ಉಳಿದದ್ದನ್ನು ಮಾಮೂಲಿ ರೇಜರ್‌ನಿಂದ. ಪೂರ್ತಿ ಮುಖಕ್ಕೆ ಬರಲು ನನಗೆ ಐದು ವಾರ ಹಿಡಿಯಿತು. ಗದ್ದ ಈಗಲೂ ಕಷ್ಟ. ಗಾಯವಾಗುವುದು ಕತ್ತಿ ಕೆಳಗೆ ಎಳೆದಾಗ ಅಲ್ಲ, ಪಕ್ಕಕ್ಕೆ ಜಾರಿದಾಗ. ಅದನ್ನು ಒಂದೇ ಸಲ ಕಲಿತೆ, ದವಡೆಯ ಕೆಳಗೆ ಗುರುತು ಇದೆ. ಪಟಿಕದ ಕಲ್ಲು ಹತ್ತಿರ ಇಟ್ಟುಕೊಳ್ಳಿ. ಫಲ? ಸಲೂನಿನಲ್ಲಿ ಮಾಡಿಸಿದಷ್ಟೇ ನುಣುಪು, ಉರಿ ಕಡಿಮೆ, ಕುತ್ತಿಗೆಯಲ್ಲಿ ಮೊದಲು ಏಳುತ್ತಿದ್ದ ಗುಳ್ಳೆ ನಿಂತಿದೆ. ಸಮಯ ಇಪ್ಪತ್ತೈದು ನಿಮಿಷ. ಎಂಟು ಗಂಟೆಗೆ ಬಸ್ ಹಿಡಿಯುವವರು ಯೋಚಿಸಿ.

ಇಲ್ಲಿಯವರೆಗೆ ಬರೆದದ್ದನ್ನು 2024ರ ಮೇ ತಿಂಗಳಲ್ಲಿ ಕೇಳಿದ್ದರೆ ಎಲ್ಲದಕ್ಕೂ ಐದು ಸ್ಟಾರ್ ಕೊಟ್ಟುಬಿಡುತ್ತಿದ್ದೆ. ಆಮೇಲೆ ಮಳೆ ಬಂತು.

ಕರಾವಳಿಯ ಮಳೆಗಾಲ ಗೊತ್ತಿಲ್ಲದವರಿಗೆ ಹೇಳುತ್ತೇನೆ: ಇಲ್ಲಿ ಉಪ್ಪು ಗಟ್ಟಿಯಾಗಿ ಇರುವುದಿಲ್ಲ, ಹಪ್ಪಳ ಗರಿಗರಿಯಾಗಿ ಇರುವುದಿಲ್ಲ, ಬಟ್ಟೆ ಒಣಗುವುದಿಲ್ಲ, ಬಾಗಿಲು ಮುಚ್ಚುವುದಿಲ್ಲ. ಜೂನ್ ಕೊನೆಗೆ ಪಟ್ಟಿಯ ಮೇಲೆ ಬಿಳಿ ಬೂಸ್ಟು. ಒರೆಸಿದರೆ ಎರಡು ದಿನಕ್ಕೆ ಮತ್ತೆ. ಅಲಗಿನ ಮೇಲೆ ಅಲ್ಲೊಂದು ಇಲ್ಲೊಂದು ಕಪ್ಪು ಚುಕ್ಕೆ. ಕಾರ್ಬನ್ ಉಕ್ಕು, ಸಮುದ್ರದ ಗಾಳಿ, ಏನು ಹೇಳುವುದು. ಸಾಕಪ್ಪಾ, ಮಳೆಗಾಲ ಕಳೆಯುವವರೆಗೆ ಇದಕ್ಕೆ ರಜೆ ಅಂದುಕೊಂಡೆ. ಒಳ್ಳೆಯ ಬುದ್ಧಿವಂತನ ಹಾಗೆ ಅಲಗಿಗೆ ಹೊಲಿಗೆ ಯಂತ್ರದ ಎಣ್ಣೆ ಸವರಿ, ಕತ್ತಿ ಮಡಚಿ, ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿ ಇಟ್ಟೆ. ಚಪ್ಪಲಿ ಪೆಟ್ಟಿಗೆ, ಔಷಧಿ ಡಬ್ಬಿಗಳಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನೆಲ್ಲ ಕೂಡಿಟ್ಟಿದ್ದೆ, ಅವನ್ನೂ ಹಾಕಿದೆ. ಮುಚ್ಚಳದ ಸುತ್ತ ಟೇಪ್. ಇದಕ್ಕಿಂತ ಭದ್ರ ಇನ್ನೇನಿದೆ, ಅಲ್ವಾ?

ಸೆಪ್ಟೆಂಬರ್ 7, ಚೌತಿ. ಹಬ್ಬದ ದಿನ ಬೆಳಗ್ಗೆ ಡಬ್ಬಿ ತೆಗೆದೆ. ಒಳಗಿನಿಂದ ಒಂದು ಹುಳಿ ಹುಳಿ ವಾಸನೆ. ಕತ್ತಿ ಬಿಡಿಸಿದರೆ ಅಲಗಿನ ಎರಡೂ ಬದಿಗೆ ಕೆಂಪು. ಬೆನ್ನಿನ ಬಳಿ ಏನಿಲ್ಲ, ಬಾಲದ ಬಳಿ ಏನಿಲ್ಲ. ಹಿಡಿಯ ಒಳಗೆ ಮಲಗುವ ಭಾಗ ಮಾತ್ರ, ಬಾಯಿಯ ಉದ್ದಕ್ಕೂ, ತುಕ್ಕು ತಿಂದು ಹಾಕಿತ್ತು. ಉಗುರಿಗೆ ಗುಂಡಿ ತಾಗುತ್ತಿತ್ತು. 3,800 ರೂಪಾಯಿ, ಎಂಟು ತಿಂಗಳ ಕೈಕೆಲಸ. ಕಾರವಾರದ ಗಾಳಿಗೆ, ಅರಬ್ಬಿ ಸಮುದ್ರಕ್ಕೆ, ಈ ಊರಿಗೆ ವರ್ಗ ಮಾಡಿದವರಿಗೆ ಎಲ್ಲರಿಗೂ ಬೈದೆ. ಕೊನೆಗೆ ಎರಡು-ಮೂರು ರೂಪಾಯಿಯ ಬ್ಲೇಡ್ ಹಾಕಿ ಗಡ್ಡ ತೆಗೆದು ಪೂಜೆಗೆ ಕೂತೆ. ಆ ದಿನ ವಿಮರ್ಶೆ ಬರೆದಿದ್ದರೆ ಒಂದೇ ಸಾಲು ಇರುತ್ತಿತ್ತು: ಕರಾವಳಿಯವರು ಕೊಳ್ಳಬೇಡಿ.

ಕತ್ತಿ ಮಾರಿದ ಬೆಂಗಳೂರಿನವರಿಗೆ ಫೋಟೋ ಕಳಿಸಿದೆ. ಅವರು ಕೇಳಿದ ಮೊದಲ ಪ್ರಶ್ನೆ ಅಲಗಿನ ಬಗ್ಗೆ ಅಲ್ಲ. "ಹಿಡೀನ ಹೆಬ್ಬೆರಳಿಂದ ಜೋರಾಗಿ ತಿಕ್ಕಿ, ಬಿಸಿ ಆಗೋ ಹಾಗೆ. ಏನು ವಾಸನೆ ಬರುತ್ತೆ ಹೇಳಿ."

ತಿಕ್ಕಿದೆ. ಕರ್ಪೂರ! ಮಂಗಳಾರತಿ ತಟ್ಟೆ ಪಕ್ಕದಲ್ಲೇ ಇದ್ದ ಹಾಗೆ.

ಹಿಡಿ ಆಮೆಚಿಪ್ಪಿನದಲ್ಲ, ಸೆಲ್ಯುಲಾಯ್ಡ್, ಹಳೇ ಕಾಲದ ಒಂದು ಬಗೆಯ ಪ್ಲಾಸ್ಟಿಕ್. ಹಿಂದೆ ಸಿನಿಮಾ ರೀಲು, ಟೇಬಲ್ ಟೆನಿಸ್ ಚೆಂಡು ಮಾಡುತ್ತಿದ್ದದ್ದೂ ಇದರಿಂದಲೇ. ನೈಟ್ರಿಕ್ ಆಮ್ಲದಲ್ಲಿ ಹದಮಾಡಿದ ಹತ್ತಿನಾರಿಗೆ (ನೈಟ್ರೋಸೆಲ್ಯುಲೋಸ್) ಕರ್ಪೂರ ಬೆರೆಸಿ ಮಾಡುತ್ತಾರೆ. ವಯಸ್ಸಾದ ಸೆಲ್ಯುಲಾಯ್ಡ್ ಒಳಗಿಂದಲೇ ಕೊಳೆಯುತ್ತದೆ, ಕೊಳೆಯುವಾಗ ಆಮ್ಲದ ಹಬೆ ಬಿಡುತ್ತದೆ. ಗಾಳಿಯಾಡುವ ಜಾಗದಲ್ಲಿದ್ದರೆ ಆ ಹಬೆ ಹೋಗಿಬಿಡುತ್ತದೆ. ನಾನು ಟೇಪ್ ಸುತ್ತಿ, ಎರಡು ತಿಂಗಳು, ಹಬೆಯನ್ನೂ ಉಕ್ಕನ್ನೂ ಒಂದೇ ಕೋಣೆಯಲ್ಲಿ ಕೂಡಿಹಾಕಿದ್ದೆ. ತುಕ್ಕು ಹಿಡಿಯ ಆಕಾರದಲ್ಲೇ ಇದ್ದದ್ದು ಅದಕ್ಕೇ. ಬೆಳಕಿಗೆ ಹಿಡಿದು ನೋಡಿದರೆ ಹಿಡಿಯ ಒಳಗೆ ಬಲೆಯ ಹಾಗೆ ಸಣ್ಣ ಸಣ್ಣ ಬಿರುಕುಗಳೂ ಕಂಡವು. ಮಾರುವಾಗ ಇವರೇ ಇದನ್ನು ಹೇಳಬಹುದಿತ್ತಲ್ಲ ಅಂತ ಸಿಟ್ಟು ಬಂತು, ಹೇಳಿದೆ ಕೂಡ. ತಪ್ಪಾಯಿತು ಅಂದರು. ಕತ್ತಿ ಕಳಿಸಿ, ದುಡ್ಡಿಲ್ಲದೆ ಮಸೆದು ಕೊಡುತ್ತೇನೆ ಅಂದರು.

ಹಿಡಿ ಮಾತ್ರ ಹೊಸದು ಬೇಕಿತ್ತು. ಶಿರಸಿಯಲ್ಲಿ ಪರಿಚಯದ ಬಡಗಿಯೊಬ್ಬರಿದ್ದಾರೆ. ಮನೆಯಲ್ಲಿ ಮುರಿದ ಹಳೇ ಕುರ್ಚಿಯ ಬೀಟೆ ಕಾಲು ಇತ್ತು, ಅದನ್ನೇ ಕೊಟ್ಟೆ. ಎರಡು ತೆಳು ಸೀಳು, ನಡುವೆ ಅಲಗು ಮಲಗುವಷ್ಟು ಜಾಗ. ಅಲಗು ತಿರುಗುವ ಅಚ್ಚಿನ ಮೊಳೆ ಅವರಿಗೆ ಕೂಡಲಿಲ್ಲ, ಅದನ್ನು ಅಕ್ಕಸಾಲಿಯೊಬ್ಬರು ಹಿತ್ತಾಳೆ ತಂತಿ ಕತ್ತರಿಸಿ ತಟ್ಟಿ ತಟ್ಟಿ ಕೂರಿಸಿಕೊಟ್ಟರು. ಜರ್ಮನಿಯ ಅಲಗು, ಅಜ್ಜನ ಕುರ್ಚಿಯ ಕಾಲು. ಮೊದಲಿಗಿಂತ ಭಾರ ಸರಿಯಾಗಿ ಕೂತಿದೆ ಅಂತ ನನಗೆ ಅನ್ನಿಸುತ್ತದೆ, ಅದು ಮೋಹವೂ ಇರಬಹುದು. ಗುಂಡಿಗಳನ್ನು ಕಳೆಯಲು ಕಲ್ಲಿನ ಮೇಲೆ ಜಾಸ್ತಿ ಉಕ್ಕು ಸವೆಸಬೇಕಾಯಿತು, ಅಲಗು ಈಗ 5/8ಕ್ಕಿಂತ ಕೂದಲೆಳೆ ಕಡಿಮೆ. ಹಾಡು ಸ್ವಲ್ಪ ಬದಲಾಗಿದೆ, ನಿಂತಿಲ್ಲ.

2025ರ ಮಳೆಗಾಲದಲ್ಲಿ ಡಬ್ಬಿ ಗಿಬ್ಬಿ ಇಲ್ಲ. ಬೋಳಿಸಿದ ಕೂಡಲೇ ಅಲಗನ್ನಷ್ಟೇ ತೊಳೆಯುವುದು, ಹಿಡಿಯೊಳಗೆ ನೀರು ಇಳಿಯಬಾರದು. ಬಟ್ಟೆಯಿಂದ ಒರೆಸಿ, ಕ್ಯಾನ್ವಾಸ್ ಮೇಲೆ ಹತ್ತು ಸಲ ಎಳೆದರೆ ಬಾಯಿಯ ತೇವ ಹೋಗುತ್ತದೆ. ಆಮೇಲೆ ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ. ಇಡುವುದು ಹೆಂಡತಿಯ ರೇಷ್ಮೆ ಸೀರೆಯ ಕಪಾಟಿನಲ್ಲಿ. ಅಲ್ಲಿ ಬೂಸ್ಟು ಬಾರದಿರಲಿ ಅಂತ ಅವಳು ಜೂನ್‌ನಿಂದ ಹಳೇ ಕಾಲದ ತಂತಿಯ ಝೀರೋ ಬಲ್ಬ್ ಉರಿಸಿಡುತ್ತಾಳೆ. ಎಲ್‌ಇಡಿ ಆಗುವುದಿಲ್ಲ, ಬೇಕಾದದ್ದು ಬೆಳಕಲ್ಲ, ಕಾವು. ಪಟ್ಟಿಯೂ ಅಲ್ಲೇ, ಆದರೆ ಸೀರೆಗೆ ತಾಗದ ಹಾಗೆ ಬಾಗಿಲ ಒಳಬದಿಗೆ, ಹಳೇ ಪಂಚೆಯಲ್ಲಿ ಸುತ್ತಿ. ಹೆಂಡತಿಯ ಈ ಷರತ್ತಿನ ವಿಷಯ ಅಮ್ಮನಿಗೆ ಇನ್ನೂ ಗೊತ್ತಿಲ್ಲ. ನಾಲ್ಕು ತಿಂಗಳಲ್ಲಿ ಒಂದೂ ಚುಕ್ಕೆ ಬರಲಿಲ್ಲ. ಕಾರವಾರದ ಗಾಳಿಗೆ ಬೈದದ್ದರಲ್ಲಿ ಅರ್ಧ ವಾಪಸ್ ತಗೊಂಡಿದ್ದೇನೆ.

ಹೊಸ ಹಿಡಿಯನ್ನು ತೋರಿಸಲು ಸಲೂನಿಗೆ ಒಯ್ದಿದ್ದೆ. ಯಜಮಾನರು ಎರಡೂ ಕೈಯಲ್ಲಿ ಹಿಡಿದು ನೋಡಿ, ಡ್ರಾಯರಿನ ತಳದಿಂದ ತಮ್ಮದೇ ಹಳೇ ಪಟ್ಟಿ ತೆಗೆದರು. ಒಣಗಿ ಸೀಳುಬಿಟ್ಟಿತ್ತು. ಆದರೂ ಇಪ್ಪತ್ತು ಸಲ ಎಳೆದರು, ಕಣ್ಣು ರಸ್ತೆಯ ಕಡೆ, ಕಿವಿ ಮಾತ್ರ ಇಲ್ಲಿ.

"ಕೊಡ್ತೀರಾ ಇದನ್ನ?"

"ಇಲ್ಲ."

"ಗೊತ್ತಿತ್ತು, ಕೂತ್ಕೊಳ್ಳಿ" ಅಂದವರು ಬ್ಲೇಡ್ ಅರ್ಧ ಮುರಿದು ತಮ್ಮ ಹಿಡಿಗೆ ಸಿಕ್ಕಿಸಿದರು.

ದುಡ್ಡಿನ ಲೆಕ್ಕ ಕೇಳುವವರಿಗೆ: ಪಾರ್ಸಲ್ ಬಿಚ್ಚುವ ಕತ್ತಿಯೂ ಸೇರಿ ನನ್ನ ಖರ್ಚು ಏಳು ಸಾವಿರ ಮುಟ್ಟಿದೆ. ಅಷ್ಟಕ್ಕೆ ಬರುವ ಬ್ಲೇಡ್ ನನಗೂ ಮಗನಿಗೂ ಸಾಕಾಗಿ ಉಳಿಯುತ್ತಿತ್ತು. ಉಳಿತಾಯ ಆಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಜಾಸ್ತಿ ಓಡಾಡುವವರಿಗೂ ಇದು ಆಗುವುದಿಲ್ಲ, ವಿಮಾನದಲ್ಲಿ ಕೈಚೀಲಕ್ಕೆ ಹಾಕಲು ಬಿಡುವುದಿಲ್ಲ. ಬಜೆಟ್ ಕಡಿಮೆ ಇದ್ದರೆ ಕತ್ತಿಯಲ್ಲಿ ಉಳಿಸಿ, ಹಳೆಯದು ತಗೊಳ್ಳಿ, ಪಟ್ಟಿಯಲ್ಲಿ ಉಳಿಸಬೇಡಿ. ಎರಡಂಗುಲದ ಬದಲು ಎರಡೂವರೆ ಇದ್ದರೆ ಇನ್ನೂ ಸಲೀಸು, ನಾನು ಮತ್ತೆ ಕೊಂಡರೆ ಅದನ್ನೇ ಕೊಳ್ಳುತ್ತೇನೆ. ಅರ್ಧಚಂದ್ರದ ಗಾಯ ಈಗಲೂ ಇದೆ, ಕತ್ತಿ ಅಲ್ಲಿ ದಾಟುವಾಗ ಸಣ್ಣಗೆ ತೊದಲುತ್ತದೆ. ಅದಕ್ಕಾಗಿ ಪಟ್ಟಿಯ ಸ್ಟಾರ್ ಕಡಿಮೆ ಮಾಡುವುದಿಲ್ಲ, ತಪ್ಪು ನನ್ನದು.

ಹಳೇ ಕತ್ತಿ ನೋಡಲು ಹೋದಾಗ ಅಲಗನ್ನು ಆಮೇಲೆ ನೋಡಿ. ಮೊದಲು ಹಿಡಿಯನ್ನು ಹೆಬ್ಬೆರಳಿಂದ ಚೆನ್ನಾಗಿ ತಿಕ್ಕಿ, ಮೂಗಿನ ಹತ್ತಿರ ಹಿಡಿಯಿರಿ. ದೇವರ ಕೋಣೆ ನೆನಪಾದರೆ ಬೆಲೆ ಇಳಿಸಿ ಕೇಳಿ.